ಕಾಗೆ ಓಡಿಸುವ ಕೆಲಸ

ಹೋದ ವಾರ ತರಕಾರಿ ಅಂಗಡಿಯಲ್ಲಿ ಸೋರೆಕಾಯಿಗಳ ಪಕ್ಕ ಹೇರಳೆಕಾಯಿಯ ಪುಟ್ಟ ಗುಡ್ಡೆಯೊಂದು ಕಂಡಿತು. ಇಲ್ಲಿ, ಮದರಾಸಿನಲ್ಲಿ, ಅದನ್ನು ನಾರ್ತಂಗಾಯಿ ಎನ್ನುತ್ತಾರೆ. ಒಂದನ್ನು ಕೈಗೆತ್ತಿಕೊಂಡು ಸಿಪ್ಪೆಯನ್ನು ಉಗುರಿನಲ್ಲಿ ಮೆಲ್ಲಗೆ ಗೀರಿದೆ. ಹುಳಿಯೂ ಕಹಿಯೂ ಬೆರೆತ ಆ ಪರಿಮಳ ಮೂಗಿಗೆ ಬಂದದ್ದೇ ಅಂಗಡಿಯ ಗದ್ದಲವೆಲ್ಲ ಎಲ್ಲೋ ದೂರ ಸರಿದುಹೋಯಿತು. ಕಾಲ ಕೆಳಗೆ ಇನ್ನೂ ಬಿಸಿ ಆರದ ತಾರಸಿ, ತಲೆಯ ಮೇಲೆ ತೆಂಗಿನ ಗರಿಯ ಚಪ್ಪರ, ಅದರ ಸಂದಿಯಿಂದ ಇಳಿದು ಪುಸ್ತಕದ ಮೇಲೆ ಬಿದ್ದ ಬಿಸಿಲಿನ ಚುಕ್ಕೆಗಳು... ಮತ್ತು ಮಹಡಿ ಮನೆಯ ಮಾಮಿ.

ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಾವು ಮದರಾಸಿನ ಕ್ರೋಂಪೇಟೆಯಲ್ಲಿದ್ದೆವು. ಗಾಳಿ ತಿರುಗಿದ ದಿನ ಚರ್ಮ ಹದ ಮಾಡುವ ಕಾರ್ಖಾನೆಗಳ ವಾಸನೆ ನಮ್ಮ ಬೀದಿಯವರೆಗೂ ಬರುತ್ತಿತ್ತು. ವಿಮಾನಗಳು ಎಷ್ಟು ಕೆಳಗೆ ಹಾರುತ್ತಿದ್ದವೆಂದರೆ ಮಾತಾಡುತ್ತಿದ್ದವರು ಒಂದು ಗಳಿಗೆ ಸುಮ್ಮನಾಗಿ, ಅದು ದಾಟಿದ ಮೇಲೆ ಬಿಟ್ಟ ಮಾತನ್ನು ಮುಂದುವರಿಸುತ್ತಿದ್ದರು. ಅಪ್ಪ ರೈಲ್ವೆಯಲ್ಲಿದ್ದರು. ಕೆಳಮನೆಯ ಎರಡು ಕೋಣೆ ನಮ್ಮ ಬಾಡಿಗೆ ಮನೆ. ಮಹಡಿಯಲ್ಲಿ ಮನೆಯ ಒಡತಿ ಮಾಮಿ ಇದ್ದರು; ಇಲ್ಲಿ ಹಿರಿಯ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ. ಅವರ ಯಜಮಾನರು ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದವರು, ನಾವು ಬರುವ ಹೊತ್ತಿಗೆ ತೀರಿಕೊಂಡಿದ್ದರು. ಒಬ್ಬನೇ ಮಗ, ಊರಿನ ಉತ್ತರ ತುದಿಯ ಮಣಲಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡಿಕೊಂಡು ಅಲ್ಲೇ ಇದ್ದ. ಮಾಮಿಯ ಹಿರಿಯರು ತಲೆಮಾರುಗಳ ಹಿಂದೆಯೇ ಮದರಾಸಿಗೆ ಬಂದವರು. ಅವರ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳು. ನಾನಂತೂ ಅವರು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರಿಸುತ್ತಿದ್ದೆ. ಅದು ನಮ್ಮಿಬ್ಬರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಆ ವರ್ಷ ಅಪ್ಪ ಅಮ್ಮ ಮಾತು ಬಿಟ್ಟಿದ್ದರು. ಮೈಸೂರಿನಲ್ಲಿ ತಾತ, ಎಂದರೆ ಅಮ್ಮನ ಅಪ್ಪ, ತೀರಿಕೊಂಡಾಗ ಅಪ್ಪನಿಗೆ ಕೂಡಲೇ ರಜೆ ಸಿಗಲಿಲ್ಲ. ಅಮ್ಮನನ್ನು ಒಬ್ಬಳನ್ನೇ ಕಳಿಸಲು ಅವರು ಒಪ್ಪಲಿಲ್ಲ. ನಾವೆಲ್ಲ ಹೋಗಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮ ಅಲ್ಲಿ ಅಳಲಿಲ್ಲ. ತಿರುಗಿ ಬಂದ ಮೇಲೂ ಅಳಲಿಲ್ಲ. ಅಪ್ಪನ ಜೊತೆ ಮಾತು ನಿಲ್ಲಿಸಿದಳು, ಅಷ್ಟೇ. ಅಪ್ಪನೂ ಬಿಗಿದುಕೊಂಡರು. ಅಂದಿನಿಂದ ಮನೆಯ ಮಾತೆಲ್ಲ ನನ್ನ ಮೂಲಕ.

“ನಿಮ್ಮಪ್ಪಂಗೆ ಹೇಳು, ಗ್ಯಾಸ್ ಮುಗೀತಾ ಬಂತು ಅಂತ.”

“ನಿಮ್ಮಮ್ಮಂಗೆ ಹೇಳು, ಬುಕ್ ಮಾಡಿದೀನಿ ಅಂತ.”

ಆ ಕೋಣೆಗೂ ಈ ಕೋಣೆಗೂ ಓಡಾಡುತ್ತ ನಾನು ಮಾತಿನ ಜೊತೆಗೆ ಮುಖವನ್ನೂ ಓದುವುದು ಕಲಿತೆ. ಅಪ್ಪನ ಚಪ್ಪಲಿಯ ಸದ್ದಿನಿಂದ ಅವರ ಮನಸ್ಸು ಹೇಗಿದೆ ಎಂದು ತಿಳಿಯುತ್ತಿತ್ತು. ಪಾತ್ರೆ ಇಡುವ ಸದ್ದಿನಿಂದ ಅಮ್ಮನದು. ಪುಸ್ತಕ ತೆರೆದಿಟ್ಟುಕೊಂಡು ಕೂತರೂ ಕಿವಿ ಮಾತ್ರ ಗೋಡೆಯಾಚೆ ಇರುತ್ತಿತ್ತು. ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೆ. ಅಕ್ಷರಗಳು ನೀರಿನಲ್ಲಿ ಬಿದ್ದ ಹಾಗೆ ಅಲ್ಲಾಡುತ್ತಿದ್ದವು. ಅದುವರೆಗೆ ಚೆನ್ನಾಗಿ ಓದುತ್ತಿದ್ದ ನಾನು ಎಂಟನೇ ತರಗತಿಗೆ ಬಂದವಳೇ ಗಣಿತ, ವಿಜ್ಞಾನ ಎರಡರಲ್ಲೂ ನಪಾಸಾಗತೊಡಗಿದೆ. “ಗಮನ ಇಲ್ಲ” ಎಂದರು ಶಾಲೆಯಲ್ಲಿ. “ಸೋಂಬೇರಿ” ಎಂದರು ಅಪ್ಪ. ಇಬ್ಬರೂ ಹೇಳಿದ್ದು ನಿಜ ಎಂದೇ ನಾನು ನಂಬಿದ್ದೆ.

ಒಂದು ಸಂಜೆ ಮಹಡಿ ಮೆಟ್ಟಿಲಿನ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ಮಾಮಿ ಮೇಲಿನಿಂದ ಇಳಿದು ಬಂದವರು, ಹಾಲು ತೆಗೆದುಕೊಂಡು ಮತ್ತೆ ಹತ್ತುವಾಗ ನನ್ನ ಪಕ್ಕ ನಿಂತರು.

“ಏನಮ್ಮಾ, ಹೋಗೋವಾಗ್ಲೂ ಅದೇ ಪೇಜು, ಬರೋವಾಗ್ಲೂ ಅದೇ ಪೇಜು?”

ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಒಳಗೆ ಏನೋ ಸದ್ದಾಯಿತು, ನನ್ನ ಕತ್ತು ತಾನಾಗಿ ಆ ಕಡೆ ತಿರುಗಿತು. ಮಾಮಿ ಅದನ್ನು ನೋಡಿದರು.

“ಮೇಲೆ ನಾರ್ತಂಗಾಯಿ ಒಣಗಾಕಿದೀನಿ. ಕಾಕಾ ಬಂದು ಎಳ್ದಾಡ್ತಿದೆ. ನನಗೆ ಬಿಸ್ಲು ಆಗಲ್ಲ, ತಲೆ ಸುತ್ತತ್ತೆ. ದಿನಾ ಸ್ಕೂಲಿಂದ ಬಂದು ಸ್ವಲ್ಪ ಹೊತ್ತು ನೀ ಅಲ್ಲಿ ಕೂತಿರ್ತೀಯಾ?”

“ಪಡಿಕ್ಕಣುಂ ಮಾಮಿ,” ಎಂದೆ. ಓದಬೇಕು ಎಂದು ನೆಪ.

“ಪುಸ್ತಕ ತಗೊಂಡೇ ಹೋಗು. ಪುಸ್ತಕ ಕಂಡ್ರೆ ಕಾಕಾಗೆ ಭಯ.”

ಹಾಗೆ ಶುರುವಾಯಿತು. ತಾರಸಿಯ ಒಂದು ಮೂಲೆಯಲ್ಲಿ ತೆಂಗಿನ ಗರಿ ಹೊದಿಸಿದ ಚಪ್ಪರ, ಕೆಳಗೆ ಒಂದು ಚಾಪೆ, ಒಂದು ಹೂಜಿ ನೀರು. ಎದುರಿಗೆ ಬಿಳಿ ಪಂಚೆಯ ಮೇಲೆ ಸುರುಳಿಸುರುಳಿಯಾಗಿ ಕತ್ತರಿಸಿ ಉಪ್ಪು ತುಂಬಿದ ಹೇರಳೆಕಾಯಿ. ಮೊದಲ ಕೆಲವು ದಿನ ಕೋಲು ಹಿಡಿದು ಕಾಗೆಗಳನ್ನು ಕಾಯುತ್ತ ಕೂತೆ. ಅವು ನೀರಿನ ತೊಟ್ಟಿಯ ಮೇಲೆ ಬಂದು ಕೂರುತ್ತಿದ್ದವು, ಕತ್ತು ಓರೆ ಮಾಡಿ ನೋಡುತ್ತಿದ್ದವು, ಹಾರಿಹೋಗುತ್ತಿದ್ದವು. ಉಪ್ಪು ತುಂಬಿದ ಆ ಕಹಿಯನ್ನು ಯಾವ ಕಾಗೆಯೂ ಮುಟ್ಟುವುದಿಲ್ಲ ಎಂದು ನನಗೆ ಅರಿವಾಗಲು ತುಂಬ ದಿನ ಹಿಡಿಯಿತು. ಅಷ್ಟರಲ್ಲಿ ಅಲ್ಲಿಗೆ ಹೋಗುವುದು ಅಭ್ಯಾಸವಾಗಿ ಹೋಗಿತ್ತು.

ಆ ಸಂಜೆಗಳನ್ನು ಹೇಗೆ ಹೇಳಲಿ... ಕೆಳಗಿನ ಮನೆಯ ಸದ್ದು ಅಲ್ಲಿಗೆ ಕೇಳುತ್ತಿರಲಿಲ್ಲ. ಎಲೆಕ್ಟ್ರಿಕ್ ಟ್ರೈನಿನ ಕೂಗು ಮೆತ್ತಗಾಗಿ ಬರುತ್ತಿತ್ತು. ನಾಲ್ಕೂವರೆಯ ಸುಮಾರಿಗೆ ಕಡಲ ಕಡೆಯಿಂದ ಗಾಳಿ ಏಳುತ್ತಿತ್ತು. ಪಲ್ಲಾವರದ ಗುಡ್ಡದ ಮೇಲೆ ಬೆಳಕು ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಒಂದು ದಿನ, ಯಾವ ದಿನವೋ ನೆನಪಿಲ್ಲ, ಬೀಜಗಣಿತದ ಲೆಕ್ಕವೊಂದು ತಾನಾಗಿ ಬಿಡಿಸಿಕೊಂಡಿತು. ನಾನು ಅದನ್ನು ನೋಡುತ್ತಲೇ ಕೂತೆ. ಯಾರೋ ಮುಚ್ಚಿದ್ದ ಕಿಟಕಿಯನ್ನು ಸದ್ದಿಲ್ಲದೆ ತೆರೆದ ಹಾಗಿತ್ತು. ಮಾಮಿ ಮೇಲೆ ಬಂದರೆ ಓದಿನ ವಿಷಯ ಎತ್ತುತ್ತಿರಲಿಲ್ಲ. ಕಾಯಿಗಳನ್ನು ಮಗುಚಿ ಹಾಕಿ, “ಕಾಕಾ ಬಂತಾ?” ಎಂದು ಕೇಳಿ ಹೋಗುತ್ತಿದ್ದರು.

ಅವರ ಮನೆಯೊಳಗೆ ಒಂದು ಕೋಣೆ ಇತ್ತು. ದೊಡ್ಡ ಮೇಜು, ಬಗ್ಗಿಸಬಹುದಾದ ದೀಪ, ಗೋಡೆಯ ತುಂಬ ಪುಸ್ತಕದ ಕಪಾಟು. ಬಿಸಿಲು ಜೋರಿದ್ದ ಒಂದು ಶನಿವಾರ ಅಲ್ಲಿ ಕೂರಲೇ ಎಂದು ಕೇಳಿದೆ. ಅವರ ಮುಖ ಕಳೆಗುಂದಿತು.

“ಅಲ್ಲಿ ಬೇಡಮ್ಮಾ,” ಎಂದರು. “ಆ ರೂಮಲ್ಲಿ ಓದು ತಲೆಗೆ ಏರಲ್ಲ.”

ಅರ್ಧವಾರ್ಷಿಕ ಪರೀಕ್ಷೆ ಮಾತ್ರ ನನ್ನ ತಾರಸಿಯ ಸಂಜೆಗಳಿಗಾಗಿ ಕಾಯಲಿಲ್ಲ. ಹಿಂದೆ ಬಿದ್ದದ್ದು ಬಹಳ ಇತ್ತು. ಶಾಲೆಯಿಂದ ಅಪ್ಪನನ್ನು ಕರೆಸಿ, ಹೀಗೇ ಆದರೆ ಮುಂದಿನ ತರಗತಿಗೆ ಕಳಿಸುವುದಿಲ್ಲ ಎಂದು ಹೇಳಿದರು. ಅಪ್ಪ ಮನೆಗೆ ಬಂದು ಅಂಗಿಯನ್ನೂ ಬಿಚ್ಚದೆ ಕುರ್ಚಿಯಲ್ಲಿ ಕೂತರು.

“ನಿಮ್ಮಮ್ಮಂಗೆ ಹೇಳು,” ಎಂದರು ನನ್ನನ್ನೇ ನೋಡುತ್ತ, “ಇವಳನ್ನ ಹಾಸನಕ್ಕೆ ಕಳಿಸ್ತೀನಿ. ಅಕ್ಕನ ಮನೇಲಿ ಇದ್ದು ಅಲ್ಲೇ ಓದಲಿ.”

ನಾನು ಅಡುಗೆಮನೆಗೆ ಹೋಗಿ ಹೇಳಿದೆ, “ಅಮ್ಮಾ, ನನ್ನನ್ನ ಹಾಸನಕ್ಕೆ ಕಳಿಸ್ತಾರಂತೆ.”

ಅಮ್ಮನ ಕೈ ಒಂದು ಕ್ಷಣ ನಿಂತಿತು. ಕಣ್ಣು ತುಂಬಿದ್ದು ನನಗೆ ಕಾಣಿಸಿತು. ಆದರೂ ಹೇಳಿದ್ದು ಇಷ್ಟೇ: “ನಿಮ್ಮಪ್ಪಂಗೆ ಹೇಳು, ಕಳಿಸೋರು ಕಳಿಸ್ಲಿ.”

ಆ ಮಾತನ್ನು ನಾನು ತಲುಪಿಸಲಿಲ್ಲ. ಅಪ್ಪನನ್ನು ದಾಟಿಕೊಂಡು ಹೊರಗೆ ಬಂದು ಮೆಟ್ಟಿಲು ಹತ್ತಿದೆ. ಮಾಮಿ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದರು. ಅಳುತ್ತ ತಮಿಳಿನಲ್ಲಿ ಏನು ಹೇಳಿದೆನೋ. ಅವರು ಬತ್ತಿಯನ್ನು ತಟ್ಟೆಗೆ ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡು, ನನ್ನ ಕೈ ಹಿಡಿದು ಕೆಳಗೆ ಇಳಿದರು. ಅದುವರೆಗೆ ಅವರು ನಮ್ಮ ಮನೆಯೊಳಗೆ ಬಂದು ಕೂತದ್ದೇ ಇರಲಿಲ್ಲ.

“ಬನ್ನಿ ಮಾಮಿ, ಕೂತ್ಕೊಳಿ,” ಎಂದು ಅಪ್ಪ ಗಾಬರಿಯಿಂದ ಎದ್ದರು. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಸಾರ್, ನಾನು ಮನೆ ಓನರ್ ಅಂತ ಬರ್ಲಿಲ್ಲ. ತಪ್ಪಾ ತಿಳ್ಕೋಬೇಡಿ,” ಎಂದರು ಮಾಮಿ. ಕುರ್ಚಿಯ ತುದಿಯಲ್ಲಿ ಕೂತರು. ಆಮೇಲೆ ನಿಧಾನವಾಗಿ ಮಾತಾಡಿದರು. “ನಮ್ಮನೇಲಿ ಪಿಳ್ಳೆಗೆ, ನನ್ನ ಮಗನಿಗೆ, ಅಂತ ಬೇರೆ ರೂಮೇ ಇತ್ತು. ಟೇಬಲ್, ಲೈಟು, ಟ್ಯೂಷನ್ ಎಲ್ಲಾ ಇತ್ತು. ನಮ್ಮೋರು ದಿನಾ ಪಕ್ಕದಲ್ಲೇ ಕೂತ್ಕೊಂಡು ಹೇಳ್ಕೊಡೋರು. ಒಂದು ಕಣಕ್ಕು, ಒಂದು ಲೆಕ್ಕ ತಪ್ಪಿದ್ರೆ ಮನೆಯೇ ನಡುಗ್ಬೇಕು. ಗೊತ್ತಿರೋದೂ ಅವನಿಗೆ ಮರ್ತು ಹೋಗ್ತಿತ್ತು. ನಾನು ಕದವಿನ ಹಿಂದೆ ನಿಂತಿರ್ತಿದ್ದೆ. ಒಂದು ದಿನಾನೂ ಒಳಗೆ ಹೋಗ್ಲಿಲ್ಲ. ಪ್ಲಸ್ ಟೂ ಫೇಲಾಗಿ ಮನೆ ಬಿಟ್ಟು ಹೋದ. ಅವನು ಮಂದ ಅಲ್ಲ ಸಾರ್. ಇವಳೂ ಅಲ್ಲ. ಅವನ ಮಂಡೆ ತುಂಬ ಅಪ್ಪ ಕೂತಿದ್ರು. ಇವಳ ಕಿವಿ ತುಂಬ ನೀವಿಬ್ರು ಕೂತಿದೀರಿ. ಪಾಠ ಎಲ್ಲಿ ಕೂತ್ಕೊಳ್ಳತ್ತೆ?”

ಮೇಲೆ ವಿಮಾನವೊಂದು ಹಾದುಹೋಯಿತು. ಅದು ದಾಟುವವರೆಗೆ ಮಾಮಿ ಕಾದರು.

“ಹಾಸನಕ್ಕೆ ಕಳಿಸಿದ್ರೆ ಕಿವೀನ ಇಲ್ಲೇ ಬಿಟ್ಟು ಹೋಗ್ತಾಳಾ? ನಿಮ್ಮ ಸಂಕಟ ನಿಮಗಿದೆ, ನಾನು ಕೇಳಲ್ಲ. ಜಗಳ ಆಡಿ, ಜೋರಾಗೇ ಆಡಿ, ಪರವಾಯಿಲ್ಲೆ. ಮಧ್ಯೆ ಈ ಕೊಳಂದೇನ, ಈ ಮಗೂನ ನಿಲ್ಲಿಸ್ಬೇಡಿ.”

ಅಷ್ಟು ಹೇಳಿ ಎದ್ದು ಹೋದರು. ಅಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಅಮ್ಮ ಬಾಗಿಲಿನಿಂದ ಕದಲಲಿಲ್ಲ. ಆ ದಿನ ಯಾರೂ ನನ್ನ ಕೈಯಲ್ಲಿ ಏನನ್ನೂ ಹೇಳಿ ಕಳಿಸಲಿಲ್ಲ.

ಮರುದಿನ ಬೆಳಗ್ಗೆ ತಟ್ಟೆಯ ಮುಂದೆ ಕೂತಿದ್ದ ಅಪ್ಪ, “ಮಾವನವರ ವರ್ಷಾಬ್ದಿಕಕ್ಕೆ ಈಗಲೇ ರಜೆ ಹಾಕಿಡ್ತೀನಿ. ಎಲ್ರೂ ಮೈಸೂರಿಗೆ ಹೋಗೋಣ,” ಎಂದರು. ನಾನು ಎಂದಿನಂತೆ ಅಮ್ಮನಿಗೆ ಹೇಳಲು ಎದ್ದೆ.

ಒಳಗಿನಿಂದ ಅಮ್ಮನ ದನಿ ಬಂತು. “ಒಂದು ವಾರ ಮುಂಚೆ ಹೋಗ್ಬೇಕು. ಅಲ್ಲಿ ಅಮ್ಮ ಒಬ್ಬಳೇ ಏನೂ ಮಾಡಕ್ಕಾಗಲ್ಲ.”

“ಹೋಗೋಣ,” ಎಂದರು ಅಪ್ಪ.

ನಾನು ಮತ್ತೆ ಕೂತುಕೊಂಡೆ. ಒಳಗೆ ಅಮ್ಮ ಅಳುತ್ತಿದ್ದಳು. ತಾತ ಹೋದ ಮೇಲೆ ಅವಳು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ಎದ್ದು ಒಳಗೆ ಹೋದರು...

ಅಲ್ಲಿಂದ ಎಲ್ಲವೂ ನೆಟ್ಟಗಾಯಿತು ಎಂದೇನಲ್ಲ. ಜಗಳಗಳಾದವು, ಮಾಮಿ ಹೇಳಿದ ಹಾಗೆ ಜೋರಾಗಿಯೇ ಆದವು. ಆದರೆ ಅವು ಅವರಿಬ್ಬರವು. ವಾರ್ಷಿಕ ಪರೀಕ್ಷೆಯಲ್ಲಿ ನಾನು ಹೇಗೋ ಪಾಸಾದೆ. ಒಂಬತ್ತರಲ್ಲಿ ಚೇತರಿಸಿಕೊಂಡೆ, ಹತ್ತರಲ್ಲಿ ಗಣಿತಕ್ಕೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಹೇರಳೆಕಾಯಿಯ ಕಾಲ ಮುಗಿದು ಎಷ್ಟು ದಿನವಾದರೂ ನನ್ನ ಕಾಗೆ ಓಡಿಸುವ ಕೆಲಸ ಮುಗಿಯಲಿಲ್ಲ. ತಾರಸಿಯಲ್ಲಿ ಒಣಗಲು ಏನೂ ಇಲ್ಲದ ದಿನಗಳಲ್ಲೂ ಮಾಮಿ ಕೆಳಗೆ ಬಗ್ಗಿ, “ಕಾಕಾ ಜಾಸ್ತಿ ಆಗಿದೆ, ಬಾಮ್ಮಾ,” ಎಂದು ಕರೆಯುತ್ತಿದ್ದರು.

ಆ ವರ್ಷಗಳಲ್ಲೇ ಅವರ ಮಗ ಆಗೊಮ್ಮೆ ಈಗೊಮ್ಮೆ ಬರತೊಡಗಿದ. ಮನೆಯೊಳಗೆ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ತಾರಸಿಗೆ ಬಂದು ಗೋಡೆಗೆ ಒರಗಿ ನಿಲ್ಲುತ್ತಿದ್ದ. ಒಮ್ಮೆ ನನ್ನನ್ನು ಕೇಳಿದ, “ಅಮ್ಮ ನಿನ್ನನ್ನ ಓದು ಓದು ಅಂತಾರಾ?” ಇಲ್ಲ ಎಂದೆ. ಅವನು ಗುಡ್ಡದ ಕಡೆ ತಿರುಗಿದ. ಅಂದು ಅವನು ಊಟಕ್ಕೆ ಉಳಿದ. ಮಾಮಿ ಬಡಿಸುತ್ತ ಬಡಿಸುತ್ತ ಅವನಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ಹೊರಡುವಾಗ ಇಬ್ಬರ ಕಣ್ಣೂ ಕೆಂಪಾಗಿತ್ತು.

ನಾನು ಕಾಲೇಜಿಗೆ ಸೇರಿದ ವರ್ಷ ಮಾಮಿ ಮನೆ ಮಾರಿ ಮಗನ ಜೊತೆ ಇರಲು ಮಣಲಿಗೆ ಹೋದರು. ಒಂದು ಸಲ ಅಲ್ಲಿಗೆ ಹೋಗಿದ್ದೆ. ಕಾರ್ಖಾನೆಯ ಕೊಳವೆಗಳ ಮೇಲೆ ಬೆಂಕಿಯ ನಾಲಗೆ ಹಗಲಿನಲ್ಲೂ ಉರಿಯುತ್ತಿತ್ತು, ಗಾಳಿಯಲ್ಲಿ ಎಣ್ಣೆಯ ಕಮಟು. ಪುಟ್ಟ ಮನೆ. ಮಗನ ಮಗಳು ನಡುಮನೆಯಲ್ಲಿ ಬೋರಲು ಮಲಗಿ, ಕಾಲು ಆಡಿಸುತ್ತ, ಜೋರಾಗಿ ಪದ್ಯ ಬಾಯಿಪಾಠ ಮಾಡುತ್ತಿದ್ದಳು. ತಪ್ಪಿದಾಗ ತಾನೇ ನಗುತ್ತಿದ್ದಳು. ಮಗ ಪಕ್ಕದಲ್ಲೇ ಕೂತು ಬೀನ್ಸ್ ಬಿಡಿಸುತ್ತಿದ್ದ.

“ಫಸ್ಟ್ ಎಲ್ಲಾ ಬರಲ್ಲ, ಸುಮಾರಾ ಓದ್ತಾಳೆ,” ಎಂದರು ಮಾಮಿ. “ಆದ್ರೆ ನಗ್ತಾ ಓದ್ತಾಳೆ ನೋಡು.” ಅದನ್ನು ಹೇಳುವಾಗ ಅವರ ಮುಖದಲ್ಲಿದ್ದ ಹಿಗ್ಗನ್ನು ನಾನು ಮೊದಲು ಕಂಡಿರಲಿಲ್ಲ. ನನ್ನನ್ನು ಕಳಿಸಲು ಬಸ್ ನಿಲ್ದಾಣದವರೆಗೆ ಬಂದರು. ಬಸ್ಸು ತಿರುಗುವವರೆಗೂ ಕೈ ಎತ್ತಿಕೊಂಡೇ ನಿಂತಿದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಅವರು ಹೋದ ಸುದ್ದಿ ನನಗೆ ತಲುಪಿದ್ದು ತಡವಾಗಿ, ನಾನು ಬಿ.ಎಡ್. ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ. ಆಮೇಲೆ ಮಗನೂ ಮನೆ ಬದಲಿಸಿದ. ಎಲ್ಲಿದ್ದಾನೋ ತಿಳಿಯದು. ಕ್ರೋಂಪೇಟೆಯ ಆ ಮನೆಯನ್ನು ಕೆಡವಿ ಫ್ಲಾಟುಗಳನ್ನು ಕಟ್ಟಿದ್ದಾರೆ.

ಈಗ ನಾನು ಗಣಿತದ ಟೀಚರ್. ಲೆಕ್ಕ ತಪ್ಪಿ ನಿಂತ ಮಗುವನ್ನು ಕಂಡಾಗ ಅದರ ಮನೆ ಹೇಗಿರಬಹುದು ಎಂದು ಮೊದಲು ಯೋಚಿಸುತ್ತೇನೆ. ಎಲ್ಲ ಸಲವೂ ಏನಾದರೂ ಮಾಡಲು ಆಗುತ್ತದೆ ಎಂದಲ್ಲ. ಅಂಥ ದಿನ ಸಂಜೆ ಮಾಮಿಯ ಹತ್ತಿರ ಹೋಗಿ, ಏನು ಮಾಡಲಿ ಎಂದು ಕೇಳಬೇಕು ಅನ್ನಿಸುತ್ತದೆ. ಈ ಬರಹಕ್ಕೆ ಕೂತಾಗ ಅವರ ಹೆಸರು ಬರೆಯೋಣವೆಂದು ನೆನಪಿಸಿಕೊಳ್ಳಲು ನೋಡಿದೆ. ನನಗದು ಗೊತ್ತೇ ಇಲ್ಲ. ಎಂದೂ ಕೇಳಿರಲಿಲ್ಲ. ನಮ್ಮ ಪಾಲಿಗೆ ಅವರು ಬರೀ ಮಾಮಿ. ಈ ಊರಿನ ಯಾವ ಬೀದಿಯಲ್ಲಿ ನಿಂತು ಹಾಗೆಂದು ಕೂಗಿದರೂ ನಾಲ್ಕು ಮಂದಿ ತಿರುಗಿ ನೋಡುತ್ತಾರೆ. ನಾಲ್ಕೂ ಮುಖಗಳನ್ನು ನೋಡಿ, “ಯಾರೋ ಅಂದ್ಕೊಂಡೆ,” ಎಂದು ಹೇಳಿ ನಾನು ಮುಂದೆ ನಡೆಯಬೇಕು.