ಪಾಟೀಲರ ಗಾಡಿ ಬಂದಾಗ

ಕಳೆದ ವಾರ ಚಿಕ್ಕೋಡಿಯ ಒಂದು ಕೊರಿಯರ್ ಅಂಗಡಿಯಲ್ಲಿ ರಸೀದಿಗೆ ಕಾಯುತ್ತ ನಿಂತಿದ್ದೆ. ಹಳೆಯ ಪ್ರಿಂಟರ್ ಕರಕರ ಎನ್ನುತ್ತ ಕಾಗದ ಎಳೆಯಿತು. ಬಿಸಿಯಾದ ರಿಬ್ಬನ್ನಿನ ಮಸಿ ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ಆ ಅಂಗಡಿಯಲ್ಲಿ ಇರಲೇ ಇಲ್ಲ. ರಾಯಬಾಗ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ತೂಕದ ಕೋಣೆಯಲ್ಲಿದ್ದೆ, ಕಾಟಾ ಕಾಕಾರ ಬೆನ್ನ ಹಿಂದೆ, ಕಳ್ಳನ ಕೈಗಳನ್ನು ನೋಡುವಂತೆ ಅವರ ಬೆರಳುಗಳನ್ನೇ ನೋಡುತ್ತ…

ಕಬ್ಬಿನ ಗಾಡಿ ತೂಗುವ ಜಾಗಕ್ಕೆ ನಮ್ಮ ಕಡೆ ಕಾಟಾ ಎನ್ನುತ್ತೇವೆ. ಅಲ್ಲಿ ಕೂತು ತೂಕದ ಚೀಟಿ ಕೊಡುತ್ತಿದ್ದವರು ಈ ಕಾಕಾ. ಬೇಡಕಿಹಾಳದ ಜೈನ ಒಕ್ಕಲು ಮನೆತನ, ಮಿತಭಾಷಿ. ನಾನು ಅದೇ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ಒಂದು ದಿನ ಹೆಚ್ಚು ಅಳೆದರೂ ಯಾಕೆ ಎಂದು ಕೇಳುವವಳು ನಾನು.

ಆ ವರ್ಷ ಹಳೆಯ ಪ್ರೋಗ್ರಾಂ ತೆಗೆದು ಜಾವಾದಲ್ಲಿ ಬರೆದ ಹೊಸ ವೆಬ್ ಅಪ್ಲಿಕೇಶನ್ ತಂದಿದ್ದರು. ಅದರೊಳಗೆ ಕೆಲಸ ಹಂಚಿಕೊಂಡ ಬೇರೆ ಬೇರೆ ಸರ್ವಿಸ್‌ಗಳು. ಒಂದು ರೈತರ ಹೆಸರು ಹುಡುಕುತ್ತಿತ್ತು, ಒಂದು ಅವರ ಹೊಲದ ವಿವರ ತರುತ್ತಿತ್ತು, ಇನ್ನೊಂದು ತೂಕ ದಾಖಲಿಸುತ್ತಿತ್ತು. ಒಂದನ್ನೊಂದು ಕೇಳಿಕೊಂಡು ಚೀಟಿ ಹೊರಬರಬೇಕು. ಕಬ್ಬು ನುರಿಸುವ ಹಂಗಾಮು ಜೋರಾದಾಗ ಪರದೆ ಇದ್ದಕ್ಕಿದ್ದಂತೆ ನಿಲ್ಲತೊಡಗಿತು. ಟ್ರ್ಯಾಕ್ಟರ್ ಸಾಲು ರಸ್ತೆಯವರೆಗೆ ಬೆಳೆಯಿತು. ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ರೈತರು ಸುಮ್ಮನಿರುತ್ತಾರೆಯೇ?

"ಕಾಕಾ, ಚಾ ಕುಡಿಸಿದವರ ಗಾಡಿ ಅಷ್ಟ ಮುಂದ ಹೋಗೂದೇನ್ರಿ?" ಎಂದು ಒಬ್ಬ ಕಿಟಕಿಯಲ್ಲಿ ತಲೆ ತೂರಿಸಿ ಕೇಳಿದ. ಕಾಕಾ ಮುಂದಿನ ಗಾಡಿಯ ಚೀಟಿಗೆ ಕೈ ಹಾಕಿದರು. ಆದರೆ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಸರ್ವರ್ ನೋಡಿದೆ. ಪ್ರೊಸೆಸರ್ ಮೇಲೆ ಭಾರವೇ ಇಲ್ಲ, ಮೆಮೊರಿ ಬೇಕಾದಷ್ಟು ಖಾಲಿ, ಕೇಬಲ್ ಸರಿಯಾಗಿದೆ. ಯಂತ್ರ ಕೈಕಟ್ಟಿ ಕೂತಿದೆ ಎಂದರೆ ತಡ ಮಾಡುತ್ತಿರುವುದು ಮನುಷ್ಯನೇ ಅಲ್ಲವೇ? ಸರ್ವರ್ ತಾನೇ ಬರೆದಿಡುವ ಲಾಗ್ ತೆಗೆದು ವೇಳೆ ಹೊಂದಿಸಿ ನೋಡಿದೆ. ತಡವಾದದ್ದೆಲ್ಲ ಕಾಕಾರ ಪಾಳಿಯಲ್ಲೇ. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವುದು ಅವರ ನೇಮ. ಅವರು ಬುತ್ತಿ ಬಿಚ್ಚುವ ಹೊತ್ತನ್ನೂ ಬರೆದಿಟ್ಟುಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ದಿನ ಅವರೇ ಹೇಳಿದರು. "ಮೇಡಮ್ಮಾರ, ಪಾಟೀಲರ ಗಾಡಿ ಬಂದ್ರ ಇದು ನಿಂದರತೈತ್ರಿ. ಉಳದವರಿಗೆ ಓಡತೈತಿ. ಒಮ್ಮೆ ನೋಡ್ರಿ."

ಕಂಪ್ಯೂಟರಿಗೆ ಪಾಟೀಲರ ಮೇಲೆ ಎಂಥ ದ್ವೇಷ! ನೋಡುವ ಬದಲು ಮನಸ್ಸಿನಲ್ಲೇ ನಕ್ಕೆ. ಯಾರ ಗಾಡಿ ನಿಲ್ಲಿಸುತ್ತಾರೆ ಎಂಬುದನ್ನು ತಾವೇ ಬಾಯಿಬಿಟ್ಟರಲ್ಲ ಅನ್ನಿಸಿತು. ಅಂದೇ ಮ್ಯಾನೇಜರಿಗೆ ಬರೆದು ಕೊಟ್ಟೆ: ಸರ್ವರಿನಲ್ಲಿ ದೋಷವಿಲ್ಲ, ವಿಳಂಬ ಇವರ ಪಾಳಿಯಲ್ಲಿ ಮಾತ್ರ. ಮೂರನೆಯ ದಿನ ಅವರನ್ನು ಖಾಲಿ ಚೀಲಗಳ ಗೋದಾಮಿಗೆ ಹಾಕಿದರು. ಟವೆಲ್ ಹೆಗಲಿಗೆ ಹಾಕಿಕೊಂಡು ಅವರು ಟ್ರ್ಯಾಕ್ಟರ್ ಸಾಲಿನ ಪಕ್ಕದಲ್ಲೇ ನಡೆದು ಹೋದರು… ಯಾರೋ ಸಿಳ್ಳೆ ಹೊಡೆದರು.

ಅವರು ಹೋದಮೇಲೆ ತಡವೂ ಹೋಯಿತು. ಇನ್ನೇನು ಸಾಕ್ಷಿ ಬೇಕು?

ಹದಿನೈದು ದಿನ ಬೀಗಿದೆ. ಆಮೇಲೆ ಕಾಕಾರ ಜಾಗಕ್ಕೆ ಬಂದಿದ್ದ ಹೊಸ ಆಪರೇಟರ್ ರಜೆ ಹಾಕಿದ. ಅವನ ಬದಲಿಗೆ ಬಂದವನು ಕೂತ ದಿನ ಪರದೆ ಮತ್ತೆ ನಿಂತಿತು. ಓಡಿ ಹೋಗಿ ನೋಡಿದರೆ, ಉಳಿದ ಆಪರೇಟರುಗಳೆಲ್ಲ ರೈತನ ನಂಬರ್ ಒತ್ತುತ್ತಿದ್ದರೆ ಅವನು ಅಡ್ಡಹೆಸರು ಒತ್ತಿದ್ದ. ಪಾಟೀಲ.

ಆಗ ಮೊದಲ ಸಲ ಥ್ರೆಡ್ ಡಂಪ್ ತೆಗೆದೆ. ಆ ಗಳಿಗೆಯಲ್ಲಿ ಸರ್ವರಿನೊಳಗೆ ಯಾವ ಕೆಲಸ ಎಲ್ಲಿ ನಿಂತಿದೆ ಎಂದು ತೋರಿಸುವ ಪಟ್ಟಿ ಅದು. ಎಲ್ಲವೂ ಕಾಯುತ್ತ ನಿಂತಿದ್ದವು. ಹೆಸರಿನ ಸರ್ವಿಸ್ ಅಥಣಿಯಿಂದ ನಿಪ್ಪಾಣಿಯವರೆಗಿನ ಪಾಟೀಲರನ್ನೆಲ್ಲ ಎತ್ತಿಕೊಂಡು, ಒಬ್ಬೊಬ್ಬರ ಹೊಲದ ವಿವರಕ್ಕೂ ಹೊಲದ ಸರ್ವಿಸ್ಸನ್ನು ಬೇರೆ ಬೇರೆಯಾಗಿ ಕೇಳುತ್ತಿತ್ತು. ಬರೀ ಕಾಯುವುದಕ್ಕೆ ಬೆವರು ಬೇಕಿಲ್ಲ, ಅದಕ್ಕೇ ಪ್ರೊಸೆಸರ್ ತಣ್ಣಗಿತ್ತು. ಪ್ರೋಗ್ರಾಂ ಬರೆದವರು ನಾಲ್ಕೈದು ಹೆಸರು ಹಾಕಿ ಪರೀಕ್ಷಿಸಿರಬೇಕು. ನಮ್ಮಲ್ಲಿ ಪಾಟೀಲರಿಲ್ಲದ ಊರು ಯಾವುದಿದೆ? ಕಾಕಾ ಗುರುತಿನ ರೈತರಿಗೆ ನಂಬರ್ ಕೇಳುತ್ತಿರಲಿಲ್ಲ. ಮುಖ ನೋಡಿ, "ಬರ್ರಿ ಪಾಟೀಲರ" ಎಂದು ಹೆಸರೇ ಒತ್ತುತ್ತಿದ್ದರು. ಆ ಮರ್ಯಾದೆಯೇ ಅವರಿಗೆ ಮುಳುವಾಗಿತ್ತು.

ಪ್ರೋಗ್ರಾಂ ಬರೆದವರಿಗೆ ಫೋನ್ ಮಾಡಿ, ಎಲ್ಲರ ವಿವರವನ್ನೂ ಒಂದೇ ಸಲ ಕೇಳುವಂತೆ ತಿದ್ದಿಸಿದೆ. ಒಂದು ಮಧ್ಯಾಹ್ನದ ಕೆಲಸ. ವರದಿಯಲ್ಲಿ ತಾಂತ್ರಿಕ ದೋಷ ಸರಿಪಡಿಸಲಾಗಿದೆ ಎಂದಷ್ಟೇ ಬರೆದೆ, ನಾನು ಮೊದಲು ಬರೆದುಕೊಟ್ಟದ್ದರ ಸುದ್ದಿ ಎತ್ತಲಿಲ್ಲ. ಗೋದಾಮಿಗೆ ಹೋಗಿ ಕಾಕಾ ಒಬ್ಬರಿಗೇ ತಪ್ಪಾಯಿತು ಎಂದೆ.

ಅವರು ಚೀಲ ಮಡಚುವುದನ್ನು ನಿಲ್ಲಿಸಲಿಲ್ಲ. "ನನಗ ಹೇಳಿ ಏನ್ ಉಪಯೋಗರಿ? ನಾ ಮಾಡಿಲ್ಲ ಅನ್ನೂದು ನನಗ ಮೊದಲ ಗೊತ್ತೈತಿ. ಹೊರಗ ಸಾಲಿನ್ಯಾಗ ನಿಂತಾರಲ್ಲ, ಅವರಿಗೆ ಹೇಳ್ರಿ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ನಾಳೆ ನೋಡೋಣ, ಹಂಗಾಮು ಮುಗಿಯಲಿ… ನನ್ನ ಹೆಸರು ಕೆಡುವ ಭಯ, ಬೇರೇನೂ ಅಲ್ಲ. ಅವರು ಗೋದಾಮಿನಿಂದಲೇ ನಿವೃತ್ತರಾದರು. ನಾನು ಕೆಲಸ ಬಿಟ್ಟು ನಿಪ್ಪಾಣಿಗೆ ಬಂದೆ.

ಕೊರಿಯರ್ ಅಂಗಡಿಗೆ ಹೋದ ಮರುದಿನವೇ ಬೇಡಕಿಹಾಳಕ್ಕೆ ಹೋದೆ. ಕಾಕಾ ತೀರಿಕೊಂಡು ಆರು ತಿಂಗಳಾಗಿತ್ತಂತೆ. ಮನೆಯ ಕಟ್ಟೆಯ ಮೇಲೆ ಅವರ ಮಗಳು ಕೂತಿದ್ದಳು, ಜೊತೆಗೆ ನೆರೆಯ ನಾಲ್ಕಾರು ರೈತರು, ಕಾಟಾದ ಸಾಲಿನಲ್ಲಿ ಕಂಡ ಮುಖಗಳೇ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ತಡ ಮಾಡಿದ್ದು ಪ್ರೋಗ್ರಾಂ, ಕಾಕಾರ ಮೇಲೆ ಸುಳ್ಳು ಬರೆದುಕೊಟ್ಟದ್ದು ನಾನು. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಿರಿಯ ರೈತರೊಬ್ಬರು ಚಹಾದ ಕಪ್ಪು ಕೆಳಗಿಟ್ಟರು. "ಇರ್ಲಿ ಬಿಡ್ರಿ ಮೇಡಮ್ಮಾರ. ಹೋದವರ ಬಗ್ಗೆ ಹಿಂಗ ಒಳ್ಳೇದ ಮಾತಾಡಬೇಕು. ನಿಮ್ಮ ಮನಸ ದೊಡ್ಡದೈತಿ."

ಉಳಿದವರು ಹೌದೆಂದು ತಲೆಯಾಡಿಸಿದರು. ಒಬ್ಬರೂ ನನ್ನನ್ನು ನಂಬಿರಲಿಲ್ಲ.