ಧನಪಾಲ ಚಾಲೂ ಮಾಡಿದ ಇಂಜಿನ್

ಇಚಲಕರಂಜಿ ಪಕ್ಕದ ಕೊರೋಚಿಯಲ್ಲಿ ತನ್ನ ಮಗ್ಗದ ಶೆಡ್ ಮುಚ್ಚಿದ ಮೇಲೆ ಧನಪಾಲ ಮಗದುಮ್‌ನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಹರೆಯದಿಂದ ಮಗ್ಗಗಳ ಸದ್ದಿನಲ್ಲೇ ಉಂಡು ಮಲಗಿದವನು. ಮನೆ ಸುಮ್ಮನಿದ್ದರೆ ಅವನಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ಚಹಾ ಅರ್ಧಕ್ಕೆ ಬಿಟ್ಟು ಏಳುತ್ತಿದ್ದ. ಸರಿಯಾಗಿದ್ದ ನಳವನ್ನೇ ಬಿಚ್ಚುತ್ತಿದ್ದ. ಒಂದು ದಿನ ಮಿಕ್ಸರಿಗೂ ಕೈ ಹಾಕಿದಾಗ ಹೆಂಡತಿ ಜಿನಮತಿಯ ತಾಳ್ಮೆ ತಪ್ಪಿತು.

“ಇಚಲಕರಂಜ್ಯಾಗ ಹಳೇ ಇಂಜಿನ್ ರಿಪೇರಿ ಮಾಡಾಕ ಮಂದಿ ಕೂಡ್ಯಾರಂತ. ಅಲ್ಲಿಗರೆ ಹೋಗ್ರಿ. ಮೊದಲ ನನ್ನ ಮಿಕ್ಸರ್ ಜೋಡಿಸಿ ಹೋಗ್ರಿ.”

ಅಲ್ಲಿ ಹಳೆಯ ಗೋದಾಮೊಂದು ಇಂಜಿನ್ ಮ್ಯೂಸಿಯಂ ಆಗುತ್ತಿತ್ತು. ಸಂಬಳವಿಲ್ಲದೆ ರಜೆಯ ದಿನ ಬಂದು ದುಡಿಯುವ ಕೆಲವರು, ಅವರ ಮುಂದಾಳಾಗಿ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ಪ್ರಿಯದರ್ಶನಿ. ಧನಪಾಲನ ಪಾಲಿಗೆ ಒಂದು ಕಾಲಕ್ಕೆ ಕಬ್ಬಿನ ಗಾಣ ತಿರುಗಿಸುತ್ತಿದ್ದ ಡೀಸೆಲ್ ಇಂಜಿನ್ ಬಂತು. ಎದೆಯೆತ್ತರದ ಗಾಲಿ, ಮೈತುಂಬ ತುಕ್ಕು. ಉಳಿದವರು ರವಿವಾರ ಬಂದರೆ ಇವನು ದಿನಾ ಬಂದ. ಕಡೆಗೆ ಬೀಗದ ಕೈಯನ್ನೇ ಇಸಕೊಂಡ. ತಿಕ್ಕಿದ, ತೊಳೆದ, ಜೋಡಿಸಿದ.

“ಕಾಕಾ, ಗವರ್ನರ್ ಇನ್ನೂ ಬಿಚ್ಚಿ ನೋಡಿಲ್ರಿ. ವೇಗ ಹತೋಟ್ಯಾಗ ಇಡೂದು ಅದ. ಅಲ್ಲೀತನಕ ಚಾಲೂ ಮಾಡಬ್ಯಾಡ್ರಿ,” ಎಂದಳು ಪ್ರಿಯದರ್ಶನಿ.

“ಆತ್ರಿ,” ಎಂದ ಧನಪಾಲ.

ಮರುದಿನ ಎಲ್ಲರಿಗಿಂತ ಮೊದಲು ಬಂದು ಹ್ಯಾಂಡಲ್ ಹಾಕಿ ತಿರುವಿಬಿಟ್ಟ. ಇಂಜಿನ್ ಕೆಮ್ಮಿತು, ಹೊಗೆ ಉಗುಳಿತು, ಹೊತ್ತಿಕೊಂಡಿತು. ಆ ಬಡಿತಕ್ಕೆ ಅವನ ಮೈ ಹಗುರಾಯಿತು. ಆದರೆ ಬಡಿತ ಏರುತ್ತಲೇ ಹೋಯಿತು. ನಿಲ್ಲಿಸುವ ಹಿಡಿಕೆ ಎಳೆದ, ಕೇಳಲಿಲ್ಲ. ತಗಡಿನ ಛಾವಣಿ ಅದುರಿತು, ಬುಡದ ಬೋಲ್ಟುಗಳು ಕಟಕಟ ಎಂದವು. ಬಾಗಿಲಿಗೆ ಓಡಬಹುದಿತ್ತು, ಓಡಲಿಲ್ಲ. ಗಾಲಿ ಒಡೆದರೆ ಗೋಡೆಯೂ ಉಳಿಯದು ಎಂದು ಅವನಿಗೆ ಗೊತ್ತಿತ್ತು. ಕೈಗೆ ಸಿಕ್ಕ ಹಲಗೆ ಎತ್ತಿ, ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಒತ್ತಿ ಹಿಡಿದ. ಉಸಿರು ಸಿಗದೆ ಇಂಜಿನ್ ಒದ್ದಾಡಿ ನಿಂತಿತು.

ಪ್ರಿಯದರ್ಶನಿ ಬಂದಾಗ ಹೊಗೆ ಇನ್ನೂ ಆಡುತ್ತಿತ್ತು.

“ನಾನ ಚಾಲೂ ಮಾಡೇನ್ರಿ,” ಎಂದ. “ತಡಕೊಳ್ಳಾಕ ಆಗ್ಲಿಲ್ಲ.”

“ನಿಮಗೇನರೆ ಆಗಿದ್ರ ಕಾಕೂಗ ಏನ ಹೇಳ್ತಿದ್ದೆ ನಾ?” ಎಂದು ಬೀಗದ ಕೈಗಾಗಿ ಕೈ ಚಾಚಿದಳು.

ಕೊಟ್ಟ. “ಇನ್ನ ಬರಬ್ಯಾಡ ಅಂತೀರೇನ್ರಿ?”

“ಬರ್ರಿ. ಎಲ್ಲಾರೂ ಬಂದಮ್ಯಾಲ ಬರ್ರಿ.”

ಆಮೇಲೆ ಬಾಗಿಲು ತೆರೆಯುವವರೆಗೆ ಅವನು ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದ. ಗವರ್ನರನ್ನು ಅವಳ ಎದುರೇ ಬಿಚ್ಚಿದ. ಹಳೆಯ ಬಣ್ಣ, ಜಿಡ್ಡು ಗಟ್ಟಿಯಾಗಿ ಒಳಗಿನ ಕೀಲು ಕಚ್ಚಿಕೊಂಡಿತ್ತು. ಅದನ್ನು ಬಿಡಿಸುವಷ್ಟರಲ್ಲಿ ದೀಪಾವಳಿ ದಾಟಿತು.

ಮ್ಯೂಸಿಯಂ ತೆರೆದ ದಿನ ಇಂಜಿನ್ ಒಂದೇ ಹದದಲ್ಲಿ ಓಡಿತು. ಜನ ಸುತ್ತ ನಿಂತು ಫೋಟೊ ತೆಗೆದರು. ಜಿನಮತಿ ಪೇಢೆ ಹಿಡಿದು ಗಂಡನನ್ನು ಹುಡುಕಿದಳು. ಸಿಗದೆ ಫೋನ್ ಹಚ್ಚಿದಳು.

“ನಮ್ಮ ಗೆಳ್ಯಾ ಬಾಹುಬಲಿಯ ಗಾಡಿ ಮ್ಯಾಲ ನೂಲ ಅನ್ನೂ ಊರಿಗೆ ಬಂದೇನಿ,” ಎಂದ ಧನಪಾಲ. “ಇಲ್ಲೊಂದು ಬಾವ್ಯಾಗ ಇಂಜಿನ್ ಬಿದ್ದೈತಿ. ಭಾಳ ಹಳೇದು. ಹಗ್ಗ ಬಿಡಾಕತ್ತಾರ, ಫೋನ್ ಇಡ್ಲೇನು?”