ಕಾಜಾ ಅಜ್ಜಿ ಕಣ್ಣು ತೋರಿಸಿಕೊಂಡದ್ದು

ಬೀದಿಯವರಿಗೆಲ್ಲ ಅವರು ಕಾಜಾ ಅಜ್ಜಿ. ಅಂಗಿಯಲ್ಲಿ ಗುಂಡಿ ತೂರಿಸುವ ಸೀಳು ಇರುತ್ತದಲ್ಲ, ಅದರ ಅಂಚು ಬಿಚ್ಚಿಕೊಳ್ಳದ ಹಾಗೆ ಸುತ್ತಲೂ ದಾರದಿಂದ ಒತ್ತೊತ್ತಾಗಿ ಹೊಲಿದು ಕಟ್ಟುವುದೇ ಕಾಜಾ. ಈಗ ಅದಕ್ಕೂ ಮೆಷಿನ್ನು ಬಂದಿದೆ. ಆದರೂ ಮೂಲೆ ಅಂಗಡಿಯ ಟೈಲರು ಒಳ್ಳೆಯ ಬಟ್ಟೆಯೆಂದರೆ ಇವರ ಮನೆಗೇ ಗಂಟು ಕಟ್ಟಿ ಕಳಿಸುತ್ತಿದ್ದ. ಗಂಡ ಹೋದ ಮೇಲೆ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಊರವರ ಎದೆಯ ಮೇಲಿನ ಸೀಳುಗಳಿಗೆ ಅಂಚು ಕಟ್ಟುತ್ತಲೇ ಮಗನನ್ನು ಓದಿಸಿ ಮದುವೆ ಮಾಡಿದವರು. ಅದನ್ನು ಹೇಳಿಕೊಂಡು ತಿರುಗಿದವರಲ್ಲ. ಯಾರಾದರೂ ಹೊಗಳಿದರೆ, "ನಾನು ಹೊಲಿದಿರೋದು ತೂತನ್ನ. ಅಂಗಿ ಹೊಲಿದೋರು ಬೇರೆ" ಅನ್ನುತ್ತಿದ್ದರು.

ಸೊಸೆ ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ತಪ್ಪು ಹುಡುಕುವುದೇ ಕೆಲಸವಾದದ್ದರಿಂದಲೋ ಏನೋ, ಮನೆಯಲ್ಲೂ ಅವಳಿಗೆ ಎಲ್ಲೆಲ್ಲೂ ಅಪಾಯವೇ ಕಾಣುತ್ತಿತ್ತು. ಮಗುವಿನ ಹಾಲು ಬಿಸಿಯಿದೆಯೇನೋ ಎಂದು ಮಣಿಕಟ್ಟಿನ ಮೇಲೆ ಒಂದು ತೊಟ್ಟು ಹಾಕಿಕೊಂಡು ನೋಡುವಳು, ನಂಬಿಕೆ ಸಾಲದೆ ಗಂಡನ ಕೈಯ ಮೇಲೂ ಹಾಕುವಳು. "ನನ್ನ ಕೈ ಮೇಲೂ ಒಂದು ತೊಟ್ಟು ಹಾಕಮ್ಮ, ಮೂರು ಓಟು ಬೀಳಲಿ" ಎಂದು ಅತ್ತೆ ಕೂತಲ್ಲಿಂದಲೇ ಹೇಳುತ್ತಿದ್ದರು. ಇಬ್ಬರಿಗೂ ಆಗಿಬರುತ್ತಿತ್ತು. ಆ ಮಧ್ಯಾಹ್ನದವರೆಗೆ.

ಮೊಮ್ಮಗ ಪುಟ್ಟನನ್ನು ಶಿಶುವಿಹಾರದಿಂದ ಕರೆತರುವುದು ಅತ್ತೆಯ ಪಾಲಿನ ಕೆಲಸ. ಗೇಟು ತೆಗೆದದ್ದೇ ತಡ, ಮಕ್ಕಳೆಲ್ಲ ಒಟ್ಟಿಗೆ ನುಗ್ಗುತ್ತಾರೆ. ಆ ದಿನ ಅತ್ತೆ ನೀಲಿ ಅಂಗಿಯವನೊಬ್ಬನನ್ನು ಹತ್ತಿರ ಎಳೆದುಕೊಂಡು, ಎದೆಯ ಮೇಲಿನ ಕಾಜಾವನ್ನು ಹೆಬ್ಬೆರಳಿನಿಂದ ಸವರಿದರು. ತಮ್ಮದೇ ಹೊಲಿಗೆ. ಕೈ ಹಿಡಿದು ಹೊರಟರು. ಆದರೆ ಪುಟ್ಟನ ಅಂಗಿ ಕತ್ತರಿಸಿ ಉಳಿದ ಬಟ್ಟೆಯಲ್ಲಿ ಟೈಲರು ತನ್ನ ಮೊಮ್ಮಗನಿಗೂ ಒಂದು ಅಂಗಿ ಹೊಲಿದಿದ್ದ. ಅದಕ್ಕೆ ಕಾಜಾ ಹಾಕಿಕೊಟ್ಟವರೂ ಇವರೇ. ಕೈಗೆ ಸಿಕ್ಕ ಆ ಹುಡುಗನಿಗೋ ಕಾಜಾ ಅಜ್ಜಿ ಹೊಸಬರಲ್ಲ, ಕುಣಿಯುತ್ತ ಜೊತೆಗೆ ನಡೆದ. ಮನೆಯ ತಿರುವು ಬಂದಾಗ ಮಾತ್ರ, "ಅಜ್ಜಿ, ನಮ್ಮನೆ ಆ ಕಡೆ" ಎಂದ.

ಅಷ್ಟರಲ್ಲಿ, ಪುಟ್ಟ ಗೇಟಿನಲ್ಲೇ ಉಳಿದಿದ್ದಾನೆಂದು ಹೇಳಲು ಅಚ್ಚುಕೂಟದ ಫೋನು ಹೊಡೆದುಕೊಂಡಿತ್ತು. ಸೊಸೆ ಹೇಗೆ ಓಡಿ ಬಂದಳೋ ಅವಳಿಗೇ ಗೊತ್ತಿಲ್ಲ. ಪುಟ್ಟ ಆಯಾಳ ಸೊಂಟದ ಮೇಲೆ ಕೂತು ಬಿಕ್ಕುತ್ತಿದ್ದ. ಅತ್ತೆ ಟೈಲರ ಮೊಮ್ಮಗನ ಕೈ ಹಿಡಿದುಕೊಂಡು ಬಿರುಬಿಸಿಲಲ್ಲಿ ವಾಪಸು ಬರುತ್ತಿದ್ದರು. ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತೇನೋ. ಮಾರನೆಯ ದಿನದಿಂದ ಸೊಸೆ ಅರ್ಧ ದಿನದ ರಜೆ ಹಾಕಿ ತಾನೇ ಗೇಟಿಗೆ ಹೋಗತೊಡಗಿದಳು.

"ನನಗೂ ಸ್ವಲ್ಪ ನಡೆದ ಹಾಗಾಗುತ್ತೆ ಅತ್ತೆ" ಎಂದಳು.

"ನಡಿಯಮ್ಮ, ಒಳ್ಳೇದು" ಎಂದರು ಅತ್ತೆ. ಅವರ ಚಪ್ಪಲಿ ಬಾಗಿಲ ಬಳಿ ಇದ್ದಲ್ಲೇ ಧೂಳು ಹಿಡಿಯಿತು. ಈ ತಿಂಗಳು ಕಳೆದ ಮೇಲೆ ಅರ್ಧ ದಿನದ ಆಟ ನಡೆಯುವುದಿಲ್ಲ ಎಂದು ಅಚ್ಚುಕೂಟದ ಯಜಮಾನರು ಆಗಲೇ ಹೇಳಿಯಾಗಿತ್ತು. ಅತ್ತೆಯ ಕೈಗೆ ಮಗುವನ್ನು ಮತ್ತೆ ಕೊಡಬೇಕು, ಇಲ್ಲ ಕೆಲಸ ಬಿಡಬೇಕು. ಅವಳು ಅತ್ತೆಯನ್ನು ಕಣ್ಣಿನ ಕ್ಲಿನಿಕ್ಕಿಗೆ ಹೊರಡಿಸಿದ್ದು ಹಾಗೆ.

ಕ್ಲಿನಿಕ್ಕು ಬೇಕರಿಯ ಮಹಡಿಯ ಮೇಲೆ. ಮೆಟ್ಟಿಲು ಕಡಿದಾಗಿದ್ದವು, ಅಂಚಿಗೆ ಹಳದಿ ಬಣ್ಣ ಬಳಿದಿದ್ದರು. ಕಣ್ಣು ಕಾಣದವರನ್ನು ಇಷ್ಟು ಮೇಲೆ ಹತ್ತಿಸುತ್ತಾರಲ್ಲ ಎಂದು ಸೊಸೆ ಗೊಣಗಿದಳು. "ಹತ್ತುವಾಗಲೇ ಪರೀಕ್ಷೆ ಶುರು. ಬಿದ್ದೋರು ಫೇಲು" ಎಂದರು ಅತ್ತೆ.

ಗೋಡೆಯ ಮೇಲಿನ ಅಕ್ಷರಗಳಲ್ಲಿ ಮೇಲಿನ ಎರಡು ಸಾಲು ಬಿಟ್ಟು ಅವರಿಗೆ ಏನೂ ಕಾಣಲಿಲ್ಲ. ಆಮೇಲೆ ಸಿಸ್ಟರ್ ಬಂದು ಎರಡೂ ಕಣ್ಣಿಗೆ ಹನಿ ಬಿಟ್ಟು, "ಮುಚ್ಕೊಂಡಿರಿ ಅಮ್ಮ, ಪಾಪೆ ಅಗಲ ಆಗಬೇಕು" ಎಂದು ಬೆಂಚಿಗೆ ಕಳಿಸಿದಳು. ಸಿಸ್ಟರ್ ಕೈ ತೊಳೆದುಕೊಂಡಳೋ ಇಲ್ಲವೋ ಎಂದು ಸೊಸೆ ಕತ್ತು ಚಾಚಿ ನೋಡಿದಳು, ತೊಳೆದುಕೊಂಡಿದ್ದಳು. ಬೆಂಚಿನ ತುಂಬ ಜನ ಕಣ್ಣು ಮುಚ್ಚಿ ಮುಖ ಮೇಲೆತ್ತಿ ಕೂತಿದ್ದರು. ನಡುವೆ ಒಬ್ಬ ಬಸ್ ಡ್ರೈವರು ಸರಿದು ಜಾಗ ಮಾಡಿಕೊಟ್ಟ.

"ಬನ್ನಿ ಅಮ್ಮ, ಕೂತ್ಕೊಳ್ಳಿ. ಯಾರು ಅಂತ ಕಾಣ್ತಿಲ್ಲ, ಬೇಜಾರು ಮಾಡ್ಕೋಬೇಡಿ."

"ನೀನು ಬಸ್ಸು ಓಡಿಸೋವಾಗ ಕಾಣುತ್ತೇನಪ್ಪ?"

"ಅದಕ್ಕೇ ಬಂದಿರೋದು. ಎದುರಿನ ಲೈಟು ಒಡೆದು ಚೂರಾದ ಹಾಗೆ ಕಾಣುತ್ತೆ. ಹೇಳಿದ್ರೆ ಎಲ್ಲಿ ಸ್ಟೇರಿಂಗ್ ಕಿತ್ಕೋತಾರೋ ಅಂತ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ನಿಮಗೆ ಯಾವಾಗಿಂದ?"

ಅತ್ತೆಯ ಮುಚ್ಚಿದ ರೆಪ್ಪೆಯ ಸಂದಿಯಿಂದ ಔಷಧಿ ಇಳಿದು ಕೆನ್ನೆ ಒದ್ದೆಯಾಗಿತ್ತು. ಸೊಸೆ ಕರ್ಚೀಫು ಹಿಡಿದು ಒರೆಸಲೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತಿದ್ದಳು.

"ಹೋದ ಬೇಸಿಗೆಯಿಂದ" ಎಂದರು. ಡ್ರೈವರು ಕೇಳಿದ್ದರೂ ಉತ್ತರ ಬಂದದ್ದು ಸೊಸೆಯ ಕಡೆಗೆ. "ಕಾಜಾ ಬೆರಳಿಗೆ ಬರುತ್ತೆ, ಕಣ್ಣು ಬೇಕಾಗಲಿಲ್ಲ. ಸೂಜಿಗೆ ದಾರ ಪೋಣಿಸೋದೇ ಕಷ್ಟ. ಬೆಳಗ್ಗೆ ನಿನ್ನ ಗಂಡನ ಹತ್ರ ಒಂದಷ್ಟು ಪೋಣಿಸಿ ಇಟ್ಕೋತಿದ್ದೆ, ಸಮಯ ಉಳಿಯುತ್ತೆ ಅಂತ ನೆಪ ಹೇಳಿ."

"ನನಗೆ ಯಾಕೆ ಹೇಳಲಿಲ್ಲ ಅತ್ತೆ?"

"ಹೇಳಿದ್ರೆ ಪುಟ್ಟನ್ನ ನನ್ನ ಕೈಗೆ ಕೊಡ್ತಿದ್ದೆಯಾ?"

ಸೊಸೆ ಕರ್ಚೀಫನ್ನು ಮಡಿಸಿ ಮತ್ತೆ ಬಿಚ್ಚಿದಳು. ಕೊಡುತ್ತಿರಲಿಲ್ಲ, ನಿಜ.

"ಅವತ್ತು ಬಗ್ಗಿ ಮುಖ ನೋಡಿದ್ರೆ ಆಗೋದು" ಅತ್ತೆ ಮುಂದುವರಿಸಿದರು. "ಆಯಾನ ಕೇಳಿದ್ರೂ ಆಗೋದು, ನಮ್ಮ ಹುಡುಗ ಯಾವನಮ್ಮ ಅಂತ. ಅಷ್ಟು ಜನ ತಾಯಂದಿರ ಮುಂದೆ ಮೊಮ್ಮಗನ್ನೇ ಗುರುತು ಹಿಡಿಯಕ್ಕಾಗದ ಅಜ್ಜಿ ಅನ್ನಿಸ್ಕೊಳ್ಳೋಕೆ ನಾಚಿಕೆ. ಬೆರಳನ್ನ ನಂಬಿದೆ. ಬೆರಳೇನೂ ಸುಳ್ಳು ಹೇಳಲಿಲ್ಲ ನೋಡು, ಹೊಲಿಗೆ ನಂದೇ."

ಡ್ರೈವರು ಕೆಮ್ಮಿ, ತಾನು ಕೇಳಿಸಿಕೊಳ್ಳಲಿಲ್ಲವೆಂಬಂತೆ ಮುಖವನ್ನು ಇನ್ನಷ್ಟು ಮೇಲೆತ್ತಿದ. ಸೊಸೆ ಕೊನೆಗೂ ಅತ್ತೆಯ ಕೆನ್ನೆ ಒರೆಸಿದಳು.

ಒಳಗೆ ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿ, ಎರಡೂ ಕಣ್ಣಿನಲ್ಲಿ ಪೊರೆ ಹಣ್ಣಾಗಿದೆ ಎಂದರು. ಪೊರೆ ತೆಗೆದು ಒಳಗೊಂದು ಲೆನ್ಸು ಕೂರಿಸುವುದು, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಸೊಸೆ ಸೋಂಕಿನ ಬಗ್ಗೆ ಕೇಳಿದಳು, ಉತ್ತರ ಸಿಕ್ಕ ಮೇಲೆ ಬೇರೆ ಮಾತಿನಲ್ಲಿ ಅದನ್ನೇ ಮತ್ತೆ ಕೇಳಿದಳು. ಡಾಕ್ಟರಮ್ಮ ತಾಳ್ಮೆಯಿಂದಲೇ ಹೇಳಿ, ಅತ್ತೆಯ ಕಡೆ ತಿರುಗಿದರು.

"ಈ ಲೆನ್ಸಿಗೆ ಒಂದೇ ಅಳತೆ ಅಮ್ಮ. ಬರಿಗಣ್ಣಿಗೆ ದೂರದ್ದು ಕಾಣಬೇಕು ಅಂದ್ರೆ ಹತ್ತಿರದ್ದಕ್ಕೆ ಕನ್ನಡಕ. ಹತ್ತಿರದ್ದು ಬೇಕು ಅಂದ್ರೆ ದೂರಕ್ಕೆ ಕನ್ನಡಕ. ಸಾಮಾನ್ಯ ಎಲ್ಲರೂ ದೂರ ಕೇಳ್ತಾರೆ. ನಿಮಗೆ?"

ದೂರ ಅನ್ನಲಿ ಎಂದು ಸೊಸೆ ಉಸಿರು ಹಿಡಿದಳು. ರಸ್ತೆ, ಗೇಟು, ಸ್ಕೂಟರು, ಓಡುವ ಮಗು, ಎಲ್ಲವೂ ದೂರದಲ್ಲೇ ಇರುವುದು.

"ಹತ್ತಿರ" ಎಂದರು ಅತ್ತೆ.

"ಅತ್ತೆ, ಸ್ವಲ್ಪ ಯೋಚನೆ ಮಾಡಿ. ಕನ್ನಡಕ ಎಲ್ಲೋ ಮರೆತು ಹೋದ್ರೆ?"

"ಕೊರಳಿಗೆ ದಾರ ಕಟ್ಟಿ ಹಾಕ್ಕೋತೀನಿ. ದಾರಕ್ಕೇನು ಬರ ನಮ್ಮನೇಲಿ?" ಅವರ ದನಿ ಏರಲಿಲ್ಲ. "ಮಗು ಕೈ ಹಿಡಿದಿರೋವಾಗ ಕನ್ನಡಕ ಹಾಕ್ಕೊಂಡೇ ಇರ್ತೀನಿ, ನಿನ್ನಾಣೆ. ಆದ್ರೆ ಸ್ಟೂಲಿನ ಮೇಲೆ ಕೂತಾಗ ನನಗೂ ಬಟ್ಟೆಗೂ ನಡುವೆ ಏನೂ ಇರಬಾರದು. ಅದೊಂದನ್ನ ನನಗೆ ಬಿಡು."

ಅವರು ತಮಗಾಗಿ ಏನನ್ನಾದರೂ ಕೇಳಿದ್ದು ಸೊಸೆ ಕಂಡಂತೆ ಅದೇ ಮೊದಲು. "ಹತ್ತಿರವೇ ಇರಲಿ ಡಾಕ್ಟರ್" ಎಂದಳು. ಒಪ್ಪಿದ ಮೇಲೂ, ದೂರದ ಕನ್ನಡಕ ಎಷ್ಟು ದಿನದಲ್ಲಿ ಸಿಗುತ್ತದೆ ಎಂದು ಎರಡು ಸಲ ಕೇಳಿದಳು.

ಮೊದಲ ಕಣ್ಣಿನ ಪಟ್ಟಿ ತೆಗೆದ ದಿನ, ಅತ್ತೆ ಕ್ಲಿನಿಕ್ಕಿನ ಬೆಂಚಿನ ಮೇಲೇ ಪುಟ್ಟನನ್ನು ಮುಂದೆ ನಿಲ್ಲಿಸಿಕೊಂಡು ಅವನ ನೀಲಿ ಅಂಗಿಯ ಮೇಲೆ ಬಗ್ಗಿದರು. ಮುಖ ಸಪ್ಪಗಾಯಿತು.

"ಯಾರು ಹಾಕಿದ್ದಿದು? ಒಂದು ಹೊಲಿಗೆ ಉತ್ತರಕ್ಕೆ, ಒಂದು ದಕ್ಷಿಣಕ್ಕೆ."

"ನೀವೇ ಅತ್ತೆ."

"ನಾನೇ ಅಂತ ಗೊತ್ತು. ಸುಮ್ನೆ ಬೈಯೋಕೆ ಬೇರೆ ಯಾರಾದ್ರೂ ಸಿಗ್ತಾರಾ ಅಂತ ನೋಡಿದೆ."

ದಾರಿಯಲ್ಲಿ ಟೈಲರ ಅಂಗಡಿಯ ಮುಂದೆ ನಿಂತು, ಇಂಥ ಕಾಜಾನ ಹೇಗೆ ತಗೊಂಡೆ ಎಂದು ಕೇಳಿಯೇ ಬಿಟ್ಟರು. ಅವನು ಟೇಪನ್ನು ಕೊರಳಿಂದ ತೆಗೆದು ಮತ್ತೆ ಹಾಕಿಕೊಂಡ. ಕೊನೆಗೆ, ಬೇಸಿಗೆಯಿಂದೀಚೆಗೆ ಅವರು ಹಾಕಿಕೊಟ್ಟ ಕಾಜಾಗಳನ್ನು ತಾನೇ ಕೂತು ಬಿಚ್ಚಿ ಮತ್ತೆ ಹೊಲಿಯುತ್ತಿದ್ದುದಾಗಿ ಒಪ್ಪಿಕೊಂಡ. "ಮೊಮ್ಮಕ್ಕಳ ಅಂಗಿ ಮಾತ್ರ ಹಾಗೇ ಬಿಟ್ಟಿದ್ದೆ ಅಕ್ಕಾ. ಅವು ಕೇಳಲ್ಲವಲ್ಲ."

"ನನಗೆ ಹೇಳೋದಲ್ವಾ ಮಾರಾಯ."

"ಹೇಳೋಕೆ ಬಾಯಿ ಬರಬೇಕಲ್ಲ."

ಸೊಸೆ ತಲೆ ತಗ್ಗಿಸಿ ಪುಟ್ಟನ ಮೂಗು ಒರೆಸಿದಳು, ಅದು ಸೋರದಿದ್ದರೂ.

ಎರಡನೆಯ ಕಣ್ಣೂ ಆಯಿತು, ಹನಿ ಹಾಕುವ ವಾರಗಳೂ ಮುಗಿದವು, ಕನ್ನಡಕ ಬಂತು. ಅಚ್ಚುಕೂಟದ ಯಜಮಾನರು ಗಡುವನ್ನು ಮುಖ ಸಿಂಡರಿಸಿಕೊಂಡು ಮುಂದೂಡಿದ್ದರು, ಇನ್ನು ಮುಂದೂಡುವವರಲ್ಲ. ಒಂದು ಬೆಳಗ್ಗೆ ಸೊಸೆ ಅತ್ತೆಯ ಚಪ್ಪಲಿಯ ಧೂಳು ಒರೆಸಿ ಬಾಗಿಲ ಬಳಿ ಜೋಡಿಸಿಟ್ಟು, "ಮಧ್ಯಾಹ್ನ ನೀವೇ ಹೋಗ್ತೀರಲ್ಲ?" ಎಂದಳು. ಅತ್ತೆ ಸೂಜಿಗೆ ತಾವೇ ದಾರ ಪೋಣಿಸುತ್ತಿದ್ದರು. ಪೋಣಿಸಿ ಮುಗಿಸಿ, "ಹೋಗ್ತೀನಿ" ಎಂದರು.

ಗೇಟು ತೆಗೆಯುವ ಹೊತ್ತಿಗೆ ಅವಳ ಮುಂದಿದ್ದ ಕರಡಿನಲ್ಲಿ ಒಂದೇ ಸಾಲು ಹತ್ತಾರು ಸಲ ಓದಿಸಿಕೊಂಡಿತು. ಫೋನಿನ ಮೇಲೆ ಕೈಯಿಟ್ಟಳು, ತೆಗೆದಳು. ಫೋನು ತಾನಾಗಿ ಹೊಡೆದುಕೊಳ್ಳಲಿಲ್ಲ, ಅವಳೂ ಮಾಡಲಿಲ್ಲ.

ಸಂಜೆ ಮನೆಗೆ ಬಂದಾಗ ಪುಟ್ಟ ಬರಿಮೈಯಲ್ಲಿ ಬಾಗಿಲಿಗೆ ಬಂದ. ಕೆನ್ನೆ ಉಬ್ಬಿಸಿಕೊಂಡಿದ್ದ.

"ಅಮ್ಮಾ, ಅಜ್ಜಿಗೆ ನನ್ನ ಹೆಸರೇ ಮರೆತುಹೋಗಿದೆ. ಗೇಟಲ್ಲಿ ಎಲ್ಲರ ಮುಂದೆ ಕೇಳಿದ್ರು, ನಿನ್ನ ಹೆಸರೇನಪ್ಪ, ನಿಮ್ಮಮ್ಮನ ಹೆಸರೇನು ಅಂತ. ಆಯಾನೂ ನಕ್ಕರು."

"ನೀನು ಹೇಳಿದೆಯಾ?"

"ಹೇಳಿದೆ. ಆಮೇಲೆ ಕನ್ನಡಕ ತೆಗೆದು ಇಷ್ಟು ಹತ್ತಿರ ಬಂದು ಮುಖ ನೋಡಿದ್ರು. ಮತ್ತೆ ಕನ್ನಡಕ ಹಾಕ್ಕೊಂಡ್ರು. ಆಮೇಲೆ ಬಂದ್ವಿ."

ಕಿಟಕಿಯ ಬಳಿ ಅತ್ತೆ ಅವನ ನೀಲಿ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು ಹಳೆಯ ಕಾಜಾಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. ಕನ್ನಡಕ ದಾರದಲ್ಲಿ ಎದೆಯ ಮೇಲೆ ತೂಗುತ್ತಿತ್ತು. ಸೊಸೆ ಚೀಲ ಕೆಳಗಿಟ್ಟು, ಕಿತ್ತ ದಾರದ ಚೂರುಗಳನ್ನು ಆಯುತ್ತ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ನಾಳೆನೂ ಕೇಳ್ತೀರಾ ಅತ್ತೆ, ಹೆಸರು?"

"ದಿನಾ ಕೇಳ್ತೀನಿ" ಎಂದರು ಅತ್ತೆ, ತಲೆಯೆತ್ತದೆ. "ಅವನಿಗೆ ಬೇಜಾರಾಗೋವರೆಗೆ."